ಕೋಳಿಯ ಕರುಳಿಗೂ ನಮ್ಮ ಔಷಧಿಗೂ ಏನು ನಂಟು?

ಮೊಟ್ಟೆಯೊಡೆದು ಹೊರಬರುವ ಬ್ರಾಯ್ಲರ್ ಕೋಳಿಮರಿಯ ತೂಕ ಸುಮಾರು 40 ಗ್ರಾಂ. ಆರು ವಾರ ತುಂಬುವ ಹೊತ್ತಿಗೆ ಅದು 2 ಕಿಲೋಗ್ರಾಂ ದಾಟಿರುತ್ತದೆ. ಅಂದರೆ ಹುಟ್ಟಿದಾಗಿನ ತೂಕದ ಐವತ್ತು ಪಟ್ಟು! ಮೂರು ಕಿಲೋ ತೂಕದ ಮಗುವೊಂದು ಇದೇ ವೇಗದಲ್ಲಿ ಬೆಳೆದರೆ ಒಂದೂವರೆ ತಿಂಗಳಲ್ಲಿ 150 ಕಿಲೋ ತೂಗಬೇಕಾಗುತ್ತದೆ.

ಇಷ್ಟು ವೇಗವಾಗಿ ಬೆಳೆಯುವುದಕ್ಕೆ ಹಾರ್ಮೋನ್ ಚುಚ್ಚುಮದ್ದು ಕಾರಣವೆಂದು ಅನೇಕರು ನಂಬಿದ್ದಾರೆ. ಇದು ನಿಜವಲ್ಲ. ಹಲವು ದಶಕಗಳ ಕಾಲ ಬೇಗ ಬೆಳೆಯುವ ಕೋಳಿಗಳನ್ನೇ ಆರಿಸಿ ತಳಿ ಅಭಿವೃದ್ಧಿ ಮಾಡಿದ್ದರ ಫಲ ಇದು. ಆದರೆ ತಳಿ ಎಷ್ಟೇ ಉತ್ತಮವಾಗಿದ್ದರೂ ತಿಂದದ್ದು ಅರಗಿ ಮೈಗೆ ಹತ್ತಬೇಕಲ್ಲ! ಆ ಕೆಲಸ ಕರುಳಿನದು. ಕರುಳು ಕೆಟ್ಟರೆ ಸಾಕಣೆದಾರನ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಅದನ್ನು ಸರಿಪಡಿಸಲು ಹಿಡಿದ ಸುಲಭದ ದಾರಿಯೊಂದು ಮನುಷ್ಯರ ಆರೋಗ್ಯಕ್ಕೇ ಮುಳುವಾದ ಕಥೆ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದದ್ದು.

ಬೀಸುವ ಚೀಲ, ಹೀರುವ ಗೋಡೆ

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕುತ್ತಿಗೆಯ ಬುಡದಲ್ಲಿರುವ ಚೀಲದಲ್ಲಿ ನೆನೆಯುತ್ತದೆ. ನಂತರ ಜಠರದಲ್ಲಿ ಆಮ್ಲದೊಂದಿಗೆ ಬೆರೆತು, ಗಟ್ಟಿ ಸ್ನಾಯುಗಳ ಇನ್ನೊಂದು ಚೀಲಕ್ಕೆ ಬಂದು ಬೀಸುಕಲ್ಲಿಗೆ ಸಿಕ್ಕಂತೆ ನುರಿಯುತ್ತದೆ. ಅಲ್ಲಿಂದ ಮುಂದೆ ಸಣ್ಣ ಕರುಳು. ಅದರ ಒಳಗೋಡೆಯ ಮೇಲೆ ಬೆರಳಿನಾಕಾರದ ಅಸಂಖ್ಯ ಸೂಕ್ಷ್ಮ ಚಾಚುಗಳಿವೆ. ಪಠ್ಯಪುಸ್ತಕದಲ್ಲಿ ಬರುವ ವಿಲ್ಲೈ ಇವೇ. ಇವು ಉದ್ದವಾಗಿ, ಆರೋಗ್ಯವಾಗಿದ್ದಷ್ಟೂ ಪೋಷಕಾಂಶ ಹೀರುವ ಮೇಲ್ಮೈ ಹೆಚ್ಚುತ್ತದೆ.

ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಒಂದು ತುದಿ ಮುಚ್ಚಿದ ಎರಡು ಚೀಲಗಳಿವೆ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ವಾಸ. ಕೋಳಿಗೆ ಅರಗದ ನಾರನ್ನು ಇವು ಹುದುಗಿಸಿ ಬ್ಯುಟಿರಿಕ್ ಆಮ್ಲದಂತಹ ಪದಾರ್ಥಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಆಹಾರ. ಇದಕ್ಕೆ ಬದಲಾಗಿ ಅರಗದ ಪ್ರೋಟೀನ್ ಕೆಳಗಿಳಿದು ಬಂದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಅದು ಉಗುಳುವ ವಿಷ ಕರುಳಿನ ಗೋಡೆಯನ್ನೇ ಕೊಳೆಸುತ್ತದೆ. ಆದ್ದರಿಂದ ಕರುಳಿನಲ್ಲಿ ಯಾರು ಮೇಲುಗೈ ಸಾಧಿಸಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೋಳಿಯ ಆಹಾರ.

ಕಾಳಿನೊಳಗೇ ತೊಡಕು

ನಮ್ಮಲ್ಲಿ ಬ್ರಾಯ್ಲರ್ ಆಹಾರದ ಬಹುಪಾಲು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳಕ್ಕೆ ಕೋಳಿ ಸಾಕಣೆಯೇ ದೊಡ್ಡ ಗಿರಾಕಿ. ಮೆಕ್ಕೆಜೋಳ ಶಕ್ತಿಗೆ, ಸೋಯಾ ಪ್ರೋಟೀನಿಗೆ. ಆದರೆ ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ಕಟ್ಟಿಹಾಕುವ ಪದಾರ್ಥವಿದೆ. ಹಸಿ ಸೋಯಾ ತಿಂದ ಮರಿಯ ಮೇದೋಜೀರಕ ಗ್ರಂಥಿ ಹೆಚ್ಚು ಕಿಣ್ವ ಸ್ರವಿಸಲು ಹೆಣಗಿ ಊದಿಕೊಳ್ಳುತ್ತದೆ. ಪ್ರೋಟೀನ್ ಮಾತ್ರ ಅರಗದೆ ಮುಂದೆ ಸಾಗುತ್ತದೆ. ಸೋಯಾವನ್ನು ಬೇಯಿಸಿದರೆ ಪೌಷ್ಟಿಕತೆ ಹೆಚ್ಚುತ್ತದೆಂದು ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ 1917ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಹಾಗೆಂದು ಅತಿಯಾಗಿ ಕಾಯಿಸಿದರೆ ಲೈಸಿನ್ ಎಂಬ ಅತ್ಯಗತ್ಯ ಅಮೈನೋ ಆಮ್ಲ ಹಾಳಾಗುತ್ತದೆ. ಮನೆಯಲ್ಲಿ ಬೇಳೆ ಹದವಾಗಿ ಬೇಯಿಸುವ ಅಮ್ಮಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯೂರೋಪಿನಲ್ಲಿ ಗೋಧಿ, ಬಾರ್ಲಿ ಬಳಕೆ ಹೆಚ್ಚು. ಅವುಗಳಲ್ಲಿನ ಒಂದು ಬಗೆಯ ನಾರು ನೀರು ಕುಡಿದು ಕರುಳಿನಲ್ಲಿ ಅಂಟಿನಂತಾಗುತ್ತದೆ. ಜೀರ್ಣಕ್ರಿಯೆ ಕುಂಟುತ್ತದೆ, ಹಿಕ್ಕೆ ಜಿಗುಟಾಗುತ್ತದೆ. ಇದಕ್ಕೆ ಪರಿಹಾರವಾಗಿ ಅಂಥ ನಾರನ್ನು ತುಂಡರಿಸುವ ಕಿಣ್ವಗಳನ್ನು ಆಹಾರದಲ್ಲೇ ಬೆರೆಸುತ್ತಾರೆ. ಧಾನ್ಯಗಳಲ್ಲಿರುವ ರಂಜಕದ ಸುಮಾರು ಮೂರನೆಯ ಎರಡು ಪಾಲು ಫೈಟೇಟ್ ರೂಪದಲ್ಲಿ ಬಂಧಿತವಾಗಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಕಿಣ್ವ 1991ರಲ್ಲಿ ಮಾರುಕಟ್ಟೆಗೆ ಬಂತು.

ಇನ್ನು ಬೂಷ್ಟಿನ ಕಾಟ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್ಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೇ ಕಾರಣವೆಂದು ಪತ್ತೆಯಾಯಿತು. ಅದೇ ಅಫ್ಲಟಾಕ್ಸಿನ್. ಸರಿಯಾಗಿ ಒಣಗಿಸದ ಮೆಕ್ಕೆಜೋಳದಲ್ಲೂ ಇದು ಹುಟ್ಟಿ ಕೋಳಿಯ ಯಕೃತ್ತನ್ನೂ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ.

ಆಕಸ್ಮಿಕವಾಗಿ ಸಿಕ್ಕ ಅಡ್ಡದಾರಿ

ಇಷ್ಟೆಲ್ಲ ತೊಡಕುಗಳ ನಡುವೆ ಒಂದು ಸುಲಭ ಉಪಾಯ ಆಕಸ್ಮಿಕವಾಗಿ ಕಂಡಿತು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಕಂಡುಹಿಡಿದಿದ್ದರು. ಆಗ ಅಲ್ಲಿನ ಸಂಶೋಧನೆಯ ನಿರ್ದೇಶಕರಾಗಿದ್ದವರು ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಪ್ರಯೋಗಾಲಯದ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ವಿಟಮಿನ್ ಬಿ-12 ಹುಡುಕುತ್ತ, ಔಷಧ ತಯಾರಿಕೆಯ ನಂತರ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಮರಿಗಳು ನಿರೀಕ್ಷೆ ಮೀರಿ ಬೆಳೆದವು. ವಿಟಮಿನ್ ಒಂದರಿಂದಲೇ ಅಷ್ಟು ಬೆಳವಣಿಗೆ ಸಾಧ್ಯವಿರಲಿಲ್ಲ. ಚರಟದಲ್ಲಿ ಉಳಿದಿದ್ದ ಆಂಟಿಬಯಾಟಿಕ್ಕಿನ ಅಲ್ಪಾಂಶವೂ ತನ್ನ ಪ್ರಭಾವ ತೋರಿತ್ತು. 1950ರಲ್ಲಿ ಸುದ್ದಿ ಹೊರಬಿದ್ದ ಮೇಲೆ, ರೋಗವಿರಲಿ ಇಲ್ಲದಿರಲಿ, ಕೋಳಿ ಆಹಾರಕ್ಕೆ ಚಿಟಿಕೆ ಆಂಟಿಬಯಾಟಿಕ್ ಬೆರೆಸುವುದು ಅನೇಕ ದೇಶಗಳಲ್ಲಿ ರೂಢಿಯಾಯಿತು.

ಬೆಲೆ ತೆತ್ತವರು ಯಾರು?

ಅಲ್ಪ ಪ್ರಮಾಣದ ಔಷಧ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದಿಲ್ಲ. ದುರ್ಬಲವಾದವು ಸಾಯುತ್ತವೆ. ಔಷಧವನ್ನು ಜಯಿಸಬಲ್ಲವು ಉಳಿದು ವಂಶ ಬೆಳೆಸುತ್ತವೆ. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಕೋಳಿಯ ಹೊಟ್ಟೆಯಲ್ಲೇ ನಡೆಯುತ್ತದೆ! ಸಾಲದ್ದಕ್ಕೆ ಬ್ಯಾಕ್ಟೀರಿಯಾಗಳು ಈ ಪ್ರತಿರೋಧದ ಜೀನನ್ನು ಪರೀಕ್ಷೆಯಲ್ಲಿ ಚೀಟಿ ದಾಟಿಸುವಂತೆ ಪಕ್ಕದವಕ್ಕೂ ದಾಟಿಸುತ್ತವೆ.

ಟಫ್ಟ್ಸ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲೆವಿ ಬಾಸ್ಟನ್ ಸಮೀಪದ ಸಣ್ಣ ಫಾರಂ ಒಂದರಲ್ಲಿ ಇದನ್ನು ಪರೀಕ್ಷಿಸಿ 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ಟೆಟ್ರಾಸೈಕ್ಲಿನ್ ಬೆರೆತ ಆಹಾರ ತಿಂದ ಕೋಳಿಗಳ ಕರುಳಿನಲ್ಲಿ ಒಂದೆರಡು ವಾರಗಳಲ್ಲೇ ಆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ತುಂಬಿದವು. ಕೆಲವೇ ತಿಂಗಳಲ್ಲಿ ಫಾರಂನ ಮನೆಯವರಲ್ಲೂ ಅಂಥವು ಕಾಣಿಸಿಕೊಂಡವು.

ಸ್ವೀಡನ್ 1986ರಲ್ಲಿ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಬೆರೆಸುವುದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ 2006ರ ಜನವರಿ 1ರಿಂದ ಪೂರ್ಣ ನಿಷೇಧ ಬಂತು. ಬೇರೆ ಮದ್ದುಗಳು ಸೋತಾಗ ವೈದ್ಯರು ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಔಷಧವನ್ನೂ ಕೋಳಿ, ಹಂದಿಗಳಿಗೆ ತಿನ್ನಿಸಲಾಗುತ್ತಿತ್ತು. ಅದಕ್ಕೆ ಪ್ರತಿರೋಧ ಒಡ್ಡುವ, ಸುಲಭವಾಗಿ ದಾಟಬಲ್ಲ ಜೀನ್ ಚೀನಾದಲ್ಲಿ ಪತ್ತೆಯಾದ ವರದಿ 2015ರಲ್ಲಿ ಬಂತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು.

ಔಷಧಿ ಬಿಟ್ಟರೆ ದಾರಿಯೇನು?

ಇದಕ್ಕೆ ಒಂದು ಸುಳಿವು ಫಿನ್ಲೆಂಡಿನಿಂದ ಬಂತು. 1971ರಲ್ಲಿ ಅಲ್ಲಿನ ಬ್ರಾಯ್ಲರ್ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ಹರಡಿತು. ತಾಯಿಯಿಲ್ಲದೆ ಯಂತ್ರದಲ್ಲಿ ಹುಟ್ಟುವ ಮರಿಯ ಕರುಳು ಖಾಲಿ ಸೈಟಿನಂತೆ. ಮೊದಲು ಬಂದವರದೇ ಒಡೆತನ. ಇದನ್ನು ಗಮನಿಸಿದ ನೂರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಮರಿಗಳಿಗೆ ಕುಡಿಸಿದರು. ಒಳ್ಳೆಯವು ಮೊದಲೇ ಜಾಗ ಹಿಡಿದದ್ದರಿಂದ ಸಾಲ್ಮೊನೆಲ್ಲಾಕ್ಕೆ ನೆಲೆಯೂರಲು ಕಷ್ಟವಾಯಿತು. 1973ರಲ್ಲಿ ಪ್ರಕಟವಾದ ಈ ಸಂಶೋಧನೆ ಹೊಸ ದಾರಿ ತೋರಿತು. ಇಂದು ಮೊಸರಿನ ಬ್ಯಾಕ್ಟೀರಿಯಾಗಳ ಬಳಗದ ಲ್ಯಾಕ್ಟೊಬ್ಯಾಸಿಲಸ್ ಮುಂತಾದವನ್ನು ಪ್ರೋಬಯಾಟಿಕ್ ಎಂದು ಕೋಳಿ ಆಹಾರದಲ್ಲಿ ಕೊಡುತ್ತಾರೆ. ಫಾರ್ಮಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳನ್ನೂ ಬೆರೆಸುತ್ತಾರೆ.

ಆದರೆ ಇವು ಯಾವುವೂ ಮಾಯಾ ಪುಡಿಗಳಲ್ಲ. ಶೆಡ್ಡಿನ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿದ್ದರೆ ಕಾಕ್ಸಿಡಿಯ ಎಂಬ ಪರಾವಲಂಬಿ ಜೀವಿ ಬೆಳೆದು ಕರುಳಿನ ಗೋಡೆಯನ್ನು ಗಾಯಗೊಳಿಸುತ್ತದೆ. ಆ ಗಾಯದಲ್ಲಿ ಕ್ಲಾಸ್ಟ್ರಿಡಿಯಂ ಬೇರೂರುತ್ತದೆ. ಒಣ ನೆಲ, ಶುದ್ಧ ನೀರು, ಬೂಷ್ಟಿಲ್ಲದ ಕಾಳು, ಹದವಾಗಿ ಬೆಂದ ಸೋಯಾ ಇವು ಮೊದಲು. ಪುಡಿ, ಹನಿಗಳು ಆಮೇಲೆ. ಇದಕ್ಕೆ ಸ್ವಲ್ಪ ಖರ್ಚೂ ಹೆಚ್ಚು ಶ್ರಮವೂ ಬೇಕು. ಚಿಟಿಕೆ ಆಂಟಿಬಯಾಟಿಕ್ ಅಗ್ಗವೆನಿಸಿದ್ದು ಅದರ ನಿಜವಾದ ಬೆಲೆಯನ್ನು ಆಸ್ಪತ್ರೆಯ ರೋಗಿಗಳು ತೆರುತ್ತಿದ್ದುದರಿಂದ.

ಗೃಹಿಣಿಯರು ಮಾಡಬಹುದಾದದ್ದೂ ಇದೆ. ಕೋಳಿ ಮಾಂಸವನ್ನು ಪೂರ್ತಿ ಬೇಯಿಸಿದರೆ ಪ್ರತಿರೋಧ ಗಳಿಸಿದ ಬ್ಯಾಕ್ಟೀರಿಯಾವೂ ಸಾಯುತ್ತದೆ. ಹಸಿ ಮಾಂಸ ಮುಟ್ಟಿದ ಕೈಯನ್ನೂ ಚಾಕುವನ್ನೂ ಸೋಪಿನಿಂದ ತೊಳೆಯಬೇಕು. ಮಕ್ಕಳಿಗೆ ನೆಗಡಿಯಾದೊಡನೆ ವೈದ್ಯರನ್ನು ಕೇಳದೆ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸುವುದೂ ಕೋಳಿ ಫಾರಂನಲ್ಲಿ ಆದ ತಪ್ಪಿನ ಇನ್ನೊಂದು ರೂಪವೇ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ತನ್ನ ಊಟವನ್ನು ತಾನೇ ಆರಿಸಿಕೊಳ್ಳಲಾರದ ಕೋಳಿಯ ಪರವಾಗಿ ಅದನ್ನು ಬಲ್ಲವನಾಗಬೇಕಾದವನು ಸಾಕುವ ಮನುಷ್ಯ.