ತರಕಾರಿ ರಾಜಕುಮಾರನ ಛಲ

2024ರ ಮಾರ್ಚ್ 8, ಶಿವರಾತ್ರಿ. ಸಂಜೆ ದೇವಸ್ಥಾನಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆವು. ಬೇರೆ ಊರಿನಲ್ಲಿ ಕೆಲಸದಲ್ಲಿರುವ ಮಗನ ಫೋನ್ ಬಂತು. ಧ್ವನಿ ಸಪ್ಪಗಿತ್ತು.

"ಅಪ್ಪಾ, ತೋರಿಯಾಮ ಹೋಗ್ಬಿಟ್ರು."

ಯಾರೋ ಇವನ ಆಫೀಸಿನ ಹಿರಿಯರಿರಬೇಕು ಅಂದುಕೊಂಡೆ. "ಅಯ್ಯೋ ಪಾಪ, ಎಷ್ಟು ವಯಸ್ಸಾಗಿತ್ತೋ?" ಎಂದೆ.

"ಅರವತ್ತೆಂಟು. ಡ್ರ್ಯಾಗನ್ ಬಾಲ್ ಬರೆದೋರು ಅಪ್ಪಾ! ಒಂದನೇ ತಾರೀಖೇ ತೀರಿಕೊಂಡ್ರಂತೆ, ಈಗ ಹೇಳಿದಾರೆ."

ಆಗ ಅರ್ಥವಾಯಿತು. ನಮ್ಮ ಮನೆಯ ಹಳೆಯ ಸೋಫಾ, ಅದರ ಮುಂದಿನ ಡಬ್ಬದಂಥ ಟಿವಿ, ಎಲ್ಲ ಕಣ್ಣ ಮುಂದೆ ಬಂದವು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಅದೇ ದೃಶ್ಯ ಇದ್ದಿರಬೇಕು. ಶಾಲೆ ಬಿಟ್ಟು ಬಂದವನೇ ಷೂ ಒಂದು ಕಡೆ, ಬ್ಯಾಗು ಒಂದು ಕಡೆ ಎಸೆದು, ಅವಲಕ್ಕಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕಾರ್ಟೂನ್ ನೆಟ್‌ವರ್ಕ್ ಮುಂದೆ ಕೂತರೆ ಮುಗಿಯಿತು. ಪರದೆಯ ಮೇಲೆ ಕೂದಲು ನಿಗುರಿಸಿಕೊಂಡ ಗಂಡಸರು ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ಒಬ್ಬ ಕಿರುಚಿ ಮುಗಿಸುವುದರೊಳಗೆ ಆ ದಿನದ ಕಂತೇ ಮುಗಿದಿರುತ್ತಿತ್ತು. "ಇದರಲ್ಲಿ ಏನಿದೆಯೋ ಮಹರಾಯ?" ಎಂದು ನಾನು ಕೇಳುವುದು, ಅವನು "ಶ್!" ಎನ್ನುವುದು ನಿತ್ಯದ ಪೂಜೆಯಂತೆ ನಡೆಯುತ್ತಿತ್ತು.

ಅಂಥ ಒಂದು ಸಂಜೆ ಅವನು ಗಣಿತದ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ತಂದಿದ್ದ. "ಭೇಷ್!" ಎಂದು ಬೆನ್ನು ತಟ್ಟಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಫಸ್ಟ್ ಯಾರು ಬಂದ್ರು?" ಎಂದು ಕೇಳಿದೆ. ಅವನು ಹೆಸರು ಹೇಳದೆ ಟಿವಿ ಹಾಕಿದ. ಸ್ವಲ್ಪ ಹೊತ್ತಾದ ಮೇಲೆ, ಗಿಡ್ಡನೆಯ, ಅಗಲ ಹಣೆಯ, ಸದಾ ಮುಖ ಗಂಟು ಹಾಕಿಕೊಂಡಿರುವ ಒಬ್ಬನನ್ನು ತೋರಿಸಿ, "ನಂಗೆ ಗೋಕುಗಿಂತ ಇವನೇ ಇಷ್ಟ. ಇವನು ಯಾವಾಗ್ಲೂ ಸೆಕೆಂಡ್" ಎಂದ.

ಆ ಮಾತು ಅಂದು ನನಗೆ ತಟ್ಟಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, ಶಿವರಾತ್ರಿಯ ಆ ರಾತ್ರಿ, ಬೇಸ್‌ಮೆಂಟಿನಿಂದ ಮಗನ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನು ಮೇಲಕ್ಕೆ ತಂದೆ. ಜಾಗರಣೆಗೆ ಹೇಗೂ ಏನಾದರೂ ಬೇಕಲ್ಲ! "ರೀ, ಶಿವಪುರಾಣ ಓದೋ ವಯಸ್ಸಲ್ಲಿ ಇದೇನ್ರೀ?" ಎಂದು ಮನೆಯಾಕೆ ನಕ್ಕಳು. ಬಲದಿಂದ ಎಡಕ್ಕೆ ಪುಟ ತಿರುಗಿಸುವುದು ಅಭ್ಯಾಸವಾಗಲು ಎರಡು ದಿನ ಹಿಡಿಯಿತು. ಆಮೇಲೆ ಬಿಡಲಾಗಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಅಕಿರಾ ತೋರಿಯಾಮ ಈ ಚಿತ್ರಕಥೆಯನ್ನು ಜಪಾನಿನ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ 1984ರಿಂದ 1995ರವರೆಗೆ ಬರೆದರು. 519 ಅಧ್ಯಾಯ, 42 ಸಂಪುಟ. ಕಥೆಯ ಮೊದಲ ಎಳೆ ಬಂದದ್ದು ಚೀನಾದ 'ಪಶ್ಚಿಮ ಯಾತ್ರೆ' ಎಂಬ ಹಳೆಯ ಕಾದಂಬರಿಯಿಂದ. ಗೋಕು ಎಂಬುದು ಅದರಲ್ಲಿನ ಕಪಿವೀರನ ಜಪಾನೀ ಹೆಸರು. ಆ ಕಪಿ ಕಾಯುತ್ತಾ ಹೋಗುವ ಭಿಕ್ಷು ಯಾರು ಗೊತ್ತೇ? ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಅಲ್ಲಿನ ಜನರ ಶೌರ್ಯವನ್ನು ಹೊಗಳಿ ಬರೆದಿಟ್ಟ ಹ್ಯೂಯೆನ್ ತ್ಸಾಂಗ್! ಈ ಸಂಗತಿ ತಿಳಿದ ಮೇಲೆ ಮಗನ ಕಾರ್ಟೂನಿನ ಮೇಲೆ ನನಗೂ ಒಂದಿಷ್ಟು ಹಕ್ಕಿದೆ ಅನ್ನಿಸಿತು.

ನನ್ನ ಮಗ ಮೆಚ್ಚಿದ್ದ ಆ ಗಂಟುಮುಖದವನ ಹೆಸರು ವೆಜೀಟಾ. ಸೈಯನ್ ಎಂಬ ಯೋಧಕುಲದ ರಾಜಕುಮಾರ. ತೋರಿಯಾಮರಿಗೆ ಹೆಸರಿಡುವುದೆಂದರೆ ತಮಾಷೆ. ಜಪಾನೀ ಭಾಷೆಯಲ್ಲಿ 'ಯಸಾಯ್' ಎಂದರೆ ತರಕಾರಿ. ಅದರ ಅಕ್ಷರ ತಿರುಗಿಸಿದರೆ 'ಸೈಯಾ'. ವೆಜೀಟಾ ಅಂದರೆ ವೆಜಿಟಬಲ್. ಗೋಕುವಿನ ಹುಟ್ಟುಹೆಸರು ಕಾಕರಾಟ್, ಅಂದರೆ ಕ್ಯಾರೆಟ್. ಅವನ ಅಣ್ಣ ರಾಡಿಟ್ಜ್ ಮೂಲಂಗಿ, ಸಂಗಡಿಗ ನಾಪ್ಪಾ ಒಂದು ಬಗೆಯ ಸೊಪ್ಪು. ಇವರನ್ನೆಲ್ಲ ಆಳುವ ದುಷ್ಟ ಚಕ್ರವರ್ತಿ ಫ್ರೀಜಾ, ಅಂದರೆ ಫ್ರೀಜರ್! ತರಕಾರಿಗಳೆಲ್ಲ ಫ್ರೀಜರಿನ ವಶ. ಹೆಸರು ನೋಡಿ ನಗು ಬಂದರೂ ಕಥೆ ನಗುವಂಥದ್ದಲ್ಲ.

ಯಜಮಾನ

ವೆಜೀಟಾ ಹುಟ್ಟಿದ್ದು ಅರಸನ ಮಗನಾಗಿ, ಬೆಳೆದದ್ದು ಫ್ರೀಜಾನ ಕೂಲಿಯಾಳಾಗಿ. ಫ್ರೀಜಾನ ವ್ಯಾಪಾರ ಸರಳ. ಒಳ್ಳೆಯ ಗ್ರಹವೊಂದನ್ನು ಹುಡುಕುವುದು, ಅಲ್ಲಿರುವವರನ್ನು ಕೊಲ್ಲಿಸಿ ಜಾಗ ಖಾಲಿ ಮಾಡಿಸುವುದು, ಹೆಚ್ಚಿನ ಬೆಲೆಗೆ ಮಾರುವುದು. ಎಂಬತ್ತರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಭೂಮಿಯ ಬೆಲೆ ಆಕಾಶಕ್ಕೇರಿದಾಗ ಜಮೀನು ವ್ಯಾಪಾರ ಮಾಡುತ್ತಿದ್ದ ಸಟ್ಟಾಕೋರರನ್ನು ನೋಡಿಯೇ ಫ್ರೀಜಾನನ್ನು ರೂಪಿಸಿದೆ ಎಂದು ತೋರಿಯಾಮ ಹೇಳಿಕೊಂಡಿದ್ದಾರೆ.

ಸೈಯನ್ನರು ಎಂದಾದರೂ ತನಗೆ ತಿರುಗಿಬಿದ್ದಾರು ಎಂಬ ಭಯಕ್ಕೆ ಫ್ರೀಜಾ ಅವರ ಗ್ರಹವನ್ನೇ ಸಿಡಿಸುತ್ತಾನೆ. ಹೊರಗೆ ಹೋಗಿದ್ದ ಬೆರಳೆಣಿಕೆಯ ಮಂದಿ ಮಾತ್ರ ಉಳಿಯುತ್ತಾರೆ. ಬಾಲಕ ವೆಜೀಟಾನಿಗೆ ಹೇಳಿದ ಸುಳ್ಳು ಏನೆಂದರೆ, ಉಲ್ಕೆ ಬಡಿದು ಗ್ರಹ ನಾಶವಾಯಿತು ಎಂದು. ತನ್ನವರನ್ನು ಕೊಂದವನಿಗೇ ಅವನು ವರ್ಷಗಟ್ಟಲೆ ತಲೆಬಾಗಿ ದುಡಿಯುತ್ತಾನೆ. ಒಳಗೊಳಗೇ ಹಲ್ಲು ಕಡಿಯುತ್ತಾ, ಒಂದು ದಿನ ಇವನ ಜಾಗದಲ್ಲಿ ನಾನು ಕೂರುತ್ತೇನೆ ಎಂದು ಲೆಕ್ಕ ಹಾಕುತ್ತಾ.

ಫ್ರೀಜಾನ ಸೈನಿಕರೆಲ್ಲರ ಕಿವಿಗೆ 'ಸ್ಕೌಟರ್' ಎಂಬ ಯಂತ್ರವೊಂದು ಸಿಕ್ಕಿಸಿರುತ್ತದೆ. ಎದುರಿಗಿರುವವನನ್ನು ನೋಡಿದರೆ ಸಾಕು, ಅವನ ಶಕ್ತಿ ಎಷ್ಟೆಂದು ಅಂಕಿಯಲ್ಲಿ ತೋರಿಸುತ್ತದೆ. ಅಂಕಿ ನಿನಗಿಂತ ಕಡಿಮೆಯೋ, ತುಳಿ. ಹೆಚ್ಚೋ, ಕಾಲಿಗೆ ಬೀಳು. ಆ ಲೋಕದಲ್ಲಿ ಮೂರನೆಯ ಸಂಬಂಧವೇ ಇಲ್ಲ. ಭೂಮಿಗೆ ಬಂದ ವೆಜೀಟಾ ಗೋಕುವಿನ ಅಂಕಿ 8000 ದಾಟಿದ್ದನ್ನು ನೋಡಿ ಯಂತ್ರವನ್ನೇ ಕೈಯಲ್ಲಿ ಹಿಸುಕಿ ಪುಡಿ ಮಾಡುತ್ತಾನೆ. ಇಂಗ್ಲಿಷ್ ಡಬ್ಬಿಂಗಿನಲ್ಲಿ ಅದೇ 9000 ಆಗಿ ಲೋಕಪ್ರಸಿದ್ಧವಾಯಿತು. ನಿಮ್ಮ ಮಕ್ಕಳನ್ನು ಕೇಳಿ, ಕೂಗಿಯೇ ತೋರಿಸುತ್ತಾರೆ.

ಈ ಭಾಗ ಓದುವಾಗ ನನಗೆ ನಮ್ಮ ಪಾಟ್‌ಲಕ್ ಊಟಗಳು ನೆನಪಾದವು. ತಟ್ಟೆಗೆ ಬಿಸಿಬೇಳೆ ಬಾತ್ ಹಾಕಿಕೊಳ್ಳುತ್ತಲೇ, "ನಿಮ್ಮವನ ಎಸ್‌ಎಟಿ ಎಷ್ಟು ಬಂತು?" ಎನ್ನುತ್ತಿದ್ದೆವಲ್ಲ! ಕಿವಿಯಲ್ಲಿ ಯಂತ್ರವಿರಲಿಲ್ಲ, ಅಷ್ಟೇ.

ಜೊತೆಗಾರರು

ಫ್ರೀಜಾನ ಶಾಲೆಯಲ್ಲಿ ಕಲಿತವನು ಗೆಳೆತನವನ್ನು ಹೇಗೆ ಮಾಡಿಯಾನು? ನಾಪ್ಪಾ ಅವನ ಜೊತೆಗೇ ಭೂಮಿಗೆ ಬಂದವನು, ಉಳಿದ ಕೆಲವೇ ಸ್ವಕುಲದವರಲ್ಲಿ ಒಬ್ಬ. ಗೋಕುವಿನ ಕೈಯಲ್ಲಿ ಸೋತು, ಮೈ ಅಲ್ಲಾಡಿಸಲಾಗದೆ ಬಿದ್ದ ನಾಪ್ಪಾ ಸಹಾಯಕ್ಕೆ ಕೈ ಚಾಚುತ್ತಾನೆ. ವೆಜೀಟಾ ಆ ಕೈ ಹಿಡಿದು, ಮೇಲಕ್ಕೆಸೆದು, ತಾನೇ ಕೊಂದುಬಿಡುತ್ತಾನೆ. ಉಪಯೋಗಕ್ಕೆ ಬಾರದವನು ಬೇಡ ಎಂಬುದಷ್ಟೇ ಕಾರಣ. ಫ್ರೀಜಾನನ್ನು ಮನಸಾರೆ ದ್ವೇಷಿಸುವವನು, ತನ್ನ ಕೈಕೆಳಗಿನವನಿಗೆ ಫ್ರೀಜಾನೇ ಆಗುತ್ತಾನೆ. ಮೇಲಿನಿಂದ ಬಂದದ್ದು ಕೆಳಕ್ಕೇ ಹರಿಯುತ್ತದೆ. ಆಫೀಸಿನಲ್ಲಿ ಬಾಸ್ ರೇಗಿದ ದಿನ ಮನೆಯಲ್ಲಿ ಯಾರ ಮೇಲೆ ರೇಗುತ್ತೇವೆ ಎಂಬುದು ನಮಗೂ ಗೊತ್ತಿರುವುದೇ.

ಮುಂದೆ, ಒಮ್ಮೆ ಸತ್ತು ಮತ್ತೆ ಜೀವ ಪಡೆದ ವೆಜೀಟಾನಿಗೆ ಹೋಗಲು ಊರಿಲ್ಲ, ಗ್ರಹವೇ ಇಲ್ಲ. ಬುಲ್ಮಾ ಎಂಬಾಕೆ, ತನ್ನ ಗೆಳೆಯರನ್ನು ಕೊಲ್ಲಲು ಬಂದಿದ್ದ ಇವನನ್ನು, "ನಮ್ಮ ಮನೆಯಲ್ಲಿ ಇರು ಬಾ" ಎಂಬಂತೆ ಸಲೀಸಾಗಿ ಕರೆಯುತ್ತಾಳೆ. ಗೋಕುವನ್ನು ಮೀರಿಸಬೇಕೆಂಬ ಹಟದಲ್ಲಿ ಅವನು ಭೂಮಿಯ 300 ಪಟ್ಟು ಗುರುತ್ವಾಕರ್ಷಣೆಯಲ್ಲಿ ತಾಲೀಮು ಮಾಡುತ್ತಾನೆ. ಇಬ್ಬರಿಗೂ ಟ್ರಂಕ್ಸ್ ಎಂಬ ಮಗ ಹುಟ್ಟುತ್ತಾನೆ. ಆದರೂ ಮನೆಯವನಾಗಿದ್ದೇನೆ ಎಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ. ಪರದೇಶಕ್ಕೆ ಬಂದು ಇಪ್ಪತ್ತು ವರ್ಷವಾದರೂ "ಇನ್ನೆರಡು ವರ್ಷ, ಆಮೇಲೆ ವಾಪಸ್" ಎನ್ನುತ್ತಿದ್ದ ನಮಗೆ ಈ ನಾಚಿಕೆ ಹೊಸದಲ್ಲ.

ಎದುರಾಳಿ

ಇನ್ನು ಗೋಕು. ಅವನೂ ಸೈಯನ್ನನೇ, ಆದರೆ ಕೆಳದರ್ಜೆಯ ಯೋಧನ ಮಗ. ಕೂಸಾಗಿದ್ದಾಗಲೇ ಭೂಮಿಗೆ ಕಳಿಸಲ್ಪಟ್ಟು, ತಲೆಗೆ ಪೆಟ್ಟು ಬಿದ್ದು ಹುಟ್ಟಿನ ಉದ್ದೇಶ ಮರೆತು, ಸಾಧುವಾಗಿ ಬೆಳೆದವನು. ಇಂಥವನ ಮುಂದೆ ರಾಜಕುಮಾರ ಸೋಲುವುದೆಂದರೆ! ಮೊದಲ ಯುದ್ಧದ ಕೊನೆಗೆ ವೆಜೀಟಾ ನೆಲದ ಮೇಲೆ ತೆವಳುತ್ತಿರುತ್ತಾನೆ. ಕ್ರಿಲಿನ್ ಕತ್ತಿ ಎತ್ತುತ್ತಾನೆ. ಗೋಕು, ತನ್ನ ಮೈಮೂಳೆಯೆಲ್ಲ ಮುರಿದಿದ್ದರೂ, ಅವನನ್ನು ಬಿಟ್ಟುಬಿಡು ಎಂದು ಬೇಡುತ್ತಾನೆ. ಕರುಣೆಯೊಂದೇ ಕಾರಣವಲ್ಲ. ಇಷ್ಟು ಬಲಶಾಲಿಯ ಜೊತೆ ಇನ್ನೊಮ್ಮೆ ಸೆಣಸುವ ಆಸೆ ತನಗಿದೆ, ಅದು ತಪ್ಪೆಂದೂ ಗೊತ್ತು ಎಂದು ಒಪ್ಪಿಕೊಳ್ಳುತ್ತಾನೆ. ವೆಜೀಟಾ ಕಲಿತ ಗಣಿತಕ್ಕೆ ಇದು ಸಿಗುವುದಿಲ್ಲ. ಗೆದ್ದವನು ತುಳಿಯಬೇಕಿತ್ತು. ಇವನೋ, ಎದ್ದು ಬಾ, ಮತ್ತೆ ಆಡೋಣ ಎನ್ನುತ್ತಿದ್ದಾನೆ.

ನಾಮೆಕ್ ಎಂಬ ಗ್ರಹದಲ್ಲಿ ವೆಜೀಟಾ ಕೊನೆಗೂ ಫ್ರೀಜಾನ ವಿರುದ್ಧ ನಿಂತು, ಅವನ ಕೈಯಲ್ಲೇ ಸಾಯುತ್ತಾನೆ. ಸಾಯುವಾಗ ಅಳುತ್ತಾನೆ. ತಮ್ಮ ಗ್ರಹವನ್ನು ಸುಟ್ಟವನು ಫ್ರೀಜಾ ಎಂಬ ಸತ್ಯವನ್ನು ಹೇಳಿ, ಅವನನ್ನು ಸೋಲಿಸು ಎಂದು ತಾನು ತುಚ್ಛವಾಗಿ ಕಂಡ ಗೋಕುವಿನಲ್ಲೇ ಬೇಡುತ್ತಾನೆ. ಗೋಕು ಅವನನ್ನು ಮಣ್ಣು ಮಾಡಿ, ಆಮೇಲೆ ಯುದ್ಧಕ್ಕೆ ನಿಲ್ಲುತ್ತಾನೆ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ ತಪ್ಪು. ಎಷ್ಟೋ ವರ್ಷದ ಮೇಲೆ, ಹೆಂಡತಿ ಮಗನೊಡನೆ ನೆಮ್ಮದಿಯಾಗಿರುವಾಗಲೇ ಅವನು ಬಾಬಿಡಿ ಎಂಬ ಮಾಂತ್ರಿಕನಿಗೆ ಬೇಕೆಂದೇ ಮನಸ್ಸು ಒಪ್ಪಿಸುತ್ತಾನೆ. ತಾನು ಮೆತ್ತಗಾಗುತ್ತಿದ್ದೇನೆ, ಹಳೆಯ ಕ್ರೌರ್ಯ ಬಂದರೆ ಮಾತ್ರ ಗೋಕುವನ್ನು ಮೀರಿಸಬಲ್ಲೆ ಎಂಬ ಹುಚ್ಚು. ನೂರಾರು ಅಮಾಯಕ ಪ್ರೇಕ್ಷಕರನ್ನು ಕೊಲ್ಲುತ್ತಾನೆ. ಅದರಿಂದ ಎಚ್ಚೆತ್ತ ರಾಕ್ಷಸ ಬೂ ಲೋಕವನ್ನೇ ನುಂಗಲು ಹೊರಟಾಗ ತಪ್ಪಿನ ಅರಿವಾಗುತ್ತದೆ. ಕೂಸಾಗಿದ್ದಾಗಿನಿಂದ ಒಮ್ಮೆಯೂ ಅಪ್ಪಿಕೊಳ್ಳದ ಮಗನನ್ನು ಹತ್ತಿರ ಕರೆದು ಅಪ್ಪಿಕೊಳ್ಳುತ್ತಾನೆ. ಸತ್ತ ಮೇಲೆ ಗೋಕುವನ್ನು ಕಾಣಬಹುದೇ ಎಂದು ಪಿಕ್ಕೊಲೊನನ್ನು ಕೇಳುತ್ತಾನೆ. ಇಲ್ಲ, ನೀನು ಕೊಂದವರು ಬಹಳ ಜನ, ನಿನ್ನ ದಾರಿ ಬೇರೆ ಎಂದು ಅವನು ನಿಜವನ್ನೇ ಹೇಳುತ್ತಾನೆ. ಸಮಾಧಾನದ ಸುಳ್ಳು ಹೇಳದವನು ಗೆಳೆಯನೇ ಅಲ್ಲವೇ? ವೆಜೀಟಾ ತಲೆದೂಗಿ, ತನ್ನನ್ನೇ ಸಿಡಿಸಿಕೊಳ್ಳುತ್ತಾನೆ. ಅಷ್ಟು ಮಾಡಿದರೂ ಬೂ ಸಾಯುವುದಿಲ್ಲ.

ಕಥೆಯ ಕೊನೆಯ ಯುದ್ಧದಲ್ಲಿ, ಸ್ವಲ್ಪ ಕಾಲದ ಮಟ್ಟಿಗೆ ಮರಳಿ ಬಂದ ವೆಜೀಟಾ ಒಂದು ಬದಿ ನಿಂತು, ಬೂ ಜೊತೆ ಹೋರಾಡುತ್ತಿರುವ ಗೋಕುವನ್ನು ನೋಡುತ್ತಾನೆ. ಅವನಿಗೆ ಕಾಯಲು ಜನರಿದ್ದಾರೆ, ಅದಕ್ಕೇ ಬಲ ಎಂದು ಮೊದಲು ಅಂದುಕೊಂಡಿದ್ದ. ಈಗ ತನಗೂ ಅಂಥವರಿದ್ದಾರೆ. ಗೋಕು ಹೋರಾಡುವುದು ಯಾರನ್ನೋ ಕೆಳಕ್ಕೆ ತಳ್ಳಲು ಅಲ್ಲ, ತನ್ನ ಮಿತಿಯನ್ನು ತಾನೇ ದಾಟಲು ಎಂಬುದು ಹೊಳೆಯುತ್ತದೆ. ನೀನೇ ಮೊದಲಿಗ ಎಂದು ಮನಸ್ಸಿನಲ್ಲೇ ಒಪ್ಪಿಕೊಳ್ಳುತ್ತಾನೆ. ಕೇಳುವವರು ಯಾರೂ ಇಲ್ಲ.

ನಮ್ಮ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು, ವೈರಿಯ ಮಗನ ಶೌರ್ಯಕ್ಕೆ ಕೈಮುಗಿಯುವ ಸಂದರ್ಭ ನನಗೆ ಇಲ್ಲಿ ನೆನಪಾಯಿತು. ಖಳನೆಂಬ ಹೆಸರು ಹೊತ್ತವನು ಎದುರಾಳಿಯ ದೊಡ್ಡತನ ಕಂಡ ಕ್ಷಣದಲ್ಲಿ ತಾನೂ ದೊಡ್ಡವನಾಗುತ್ತಾನೆ. ಸಾವಿರ ವರ್ಷದ ಹಿಂದಿನ ಕನ್ನಡ ಕವಿ ಕಂಡದ್ದನ್ನು ಜಪಾನಿನ ಚಿತ್ರಕಾರನೂ ಕಂಡಿದ್ದ.

ಇನ್ನೊಂದು ಸಣ್ಣ ಸಂಗತಿಯೂ ಇದೆ. ಸತ್ತವರನ್ನೆಲ್ಲ ಬದುಕಿಸು, ಕೆಟ್ಟವರನ್ನು ಬಿಟ್ಟು, ಎಂದು ವರ ಕೇಳಿದಾಗ ವೆಜೀಟಾನ ತಲೆಯ ಮೇಲಿದ್ದ ಸತ್ತವರ ಬಳೆ ಮಾಯವಾಗುತ್ತದೆ. ಲೆಕ್ಕದಲ್ಲಿ ಅವನೀಗ ಕೆಟ್ಟವನಲ್ಲ. ಅಂಕಿ ತೋರಿಸುವ ಯಾವ ಯಂತ್ರವೂ ಅದನ್ನು ಹೇಳಿರಲಿಲ್ಲ.

ಯುಗಾದಿಗೆ ಮಗ ಮನೆಗೆ ಬಂದ. ಒಬ್ಬಟ್ಟಿಗೆ ತುಪ್ಪ ಬಡಿಸುವಾಗ ಧೈರ್ಯ ಮಾಡಿ ಕೇಳಿದೆ. "ಆವತ್ತು ನೀನು ಮ್ಯಾಥ್ಸಲ್ಲಿ ಸೆಕೆಂಡ್ ಬಂದಾಗ, ಫಸ್ಟ್ ಯಾರು ಬಂದ್ರು ಅಂತ ಕೇಳಿದ್ದೆ. ನೆನಪಿದೆಯೇನೋ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೆನಪಿದೆ" ಎಂದ.

"ಕೇಳಬಾರದಿತ್ತು ಕಣೋ."

ಅವನು ತಟ್ಟೆ ನೋಡುತ್ತಲೇ ಒಬ್ಬಟ್ಟು ಮುರಿದ. ಆಮೇಲೆ ತಲೆ ಎತ್ತಿ, "ಅಪ್ಪಾ, ಎಷ್ಟನೇ ವಾಲ್ಯೂಮಿಗೆ ಬಂದ್ರಿ?" ಎಂದ. ಮುಗಿಸಿದೆ ಅಂದಾಗ ಅವನ ಮುಖ ನೋಡಬೇಕಿತ್ತು. ಅವತ್ತು ರಾತ್ರಿ ಹನ್ನೆರಡರವರೆಗೂ ಇಬ್ಬರೂ ಮಾತಾಡಿದೆವು. ಫ್ರೀಜಾ, ಗೋಕು, ನಡುನಡುವೆ ಅವನ ಆಫೀಸು, ನನ್ನ ಆಫೀಸು.

ಇಂದಿನ ಹಬ್ಬದ ವೇದಿಕೆಯ ಮೇಲೂ ಮಕ್ಕಳ ಸ್ಪರ್ಧೆಗಳಿವೆ. ಬಹುಮಾನ ಹಿಡಿದು, ಅಥವಾ ಹಿಡಿಯದೆ, ನಿಮ್ಮ ಮಗು ಕೆಳಗಿಳಿದು ಬಂದಾಗ ಕಿವಿಯ ಸ್ಕೌಟರನ್ನು ಒಂದು ಕ್ಷಣ ತೆಗೆದಿಡಿ. ಕೇಳಲೇಬೇಕಿದ್ದರೆ, "ಮಜಾ ಬಂತಾ?" ಎಂದು ಕೇಳಿ.