ನ್ಯಾಮತಿಯ ಖಾಲಿ ಮನೆ, ಹೊನ್ನಾಳಿಯ ತುಂಬಿದ ಮನೆ

ದಾವಣಗೆರೆ ಜಿಲ್ಲೆಯ ಇಂದಿನ ತಾಲ್ಲೂಕುಗಳನ್ನು ಸಾಲಾಗಿ ಬರೆದು, ಪಕ್ಕದ ಕಾಲಂನಲ್ಲಿ 2011ರ ಜನಗಣತಿಯ ತಾಲ್ಲೂಕುವಾರು ಜನಸಂಖ್ಯೆ ತುಂಬಿಸುತ್ತಾ ಹೋದರೆ ಚನ್ನಗಿರಿ, ಹೊನ್ನಾಳಿ, ಜಗಳೂರಿನ ಮನೆಗಳು ತುಂಬುತ್ತವೆ, ನ್ಯಾಮತಿಯದು ಖಾಲಿ ಉಳಿಯುತ್ತದೆ. ಆರ್ ಭಾಷೆಯಲ್ಲಿ ಅದು ‘ಎನ್‌ಎ’, ಪೈಥಾನ್‌ನ ಪಾಂಡಾಸ್‌ನಲ್ಲಿ ‘ನ್ಯಾನ್’. ಇಂಥ ಸಾಲನ್ನು ಕೈಬಿಡುವುದು, ಇಲ್ಲವೇ ಉಳಿದವುಗಳ ಸರಾಸರಿ ಹಾಕುವುದು ಹೊಸಬರ ವಾಡಿಕೆ. ಇಲ್ಲಿ ಎರಡೂ ಸಲ್ಲದು. ನ್ಯಾಮತಿಯ ಜನರನ್ನು ಎಣಿಸದೆ ಬಿಟ್ಟಿರಲಿಲ್ಲ. ಆಗ ಅದು ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು, ಬೇರೆಯಾದದ್ದು ಆಮೇಲೆ. ಸರಾಸರಿ ಹಾಕಿದರೆ ಅದೇ ಜನ ಎರಡು ಸಲ ಲೆಕ್ಕಕ್ಕೆ ಸೇರುತ್ತಾರೆ. ಆದರೆ ಹೆಚ್ಚು ಹೆದರಬೇಕಾದದ್ದು ಹೊನ್ನಾಳಿಯ ತುಂಬಿದ ಮನೆಗೆ. ಖಾಲಿ ಮನೆಯಾದರೂ ಕಣ್ಣಿಗೆ ಬೀಳುತ್ತದೆ. ಹಳೆಯ ಗಡಿಯ ಸಂಖ್ಯೆ ಹೊಸ ಗಡಿಯ ಹೆಸರಿನಲ್ಲಿ ಕೂತಿದ್ದರೆ ಯಾವ ತಂತ್ರಾಂಶವೂ ತಕರಾರು ಎತ್ತುವುದಿಲ್ಲ. ಮುಂದಿನ ಗಣತಿಯ ಜೊತೆ ಹೋಲಿಸಿದವರಿಗೆ ಹೊನ್ನಾಳಿಯ ಜನ ಗುಳೆ ಹೋದಂತೆ ಕಂಡೀತು.

ತಾಲ್ಲೂಕು ಎಂಬುದು ಅಳತೆಯಲ್ಲ, ವರ್ಗ. ಆರ್‌ನ ‘ಫ್ಯಾಕ್ಟರ್’ ಇಂಥ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿ ಒಳಗೊಳಗೇ ಸಂಖ್ಯೆ ಕೊಡುತ್ತದೆ. ಈ ನಾಲ್ಕು ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಹೊನ್ನಾಳಿ 2, ಕನ್ನಡದಲ್ಲಿ ಬರೆದರೆ 4. ಊರು ಕದಲಿಲ್ಲ, ಲಿಪಿ ಬದಲಾಯಿತು, ಅಷ್ಟೇ. ಅದಕ್ಕೇ ಆ ಸಂಖ್ಯೆಗಳನ್ನು ಕೂಡಿಸಿ ಕಳೆಯುವಂತಿಲ್ಲ. ಒಂದೊಂದು ತಾಲ್ಲೂಕಿಗೂ ಹೌದು-ಅಲ್ಲ ಎಂಬ ಬೇರೆ ಕಾಲಂ ಬೇಕು. ಕಾಗುಣಿತ ತಪ್ಪಿ ಹುಟ್ಟುವ ಸುಳ್ಳು ತಾಲ್ಲೂಕುಗಳನ್ನು ತಿದ್ದುವುದು ಸುಲಭ. ಹೆಸರು ಹಾಗೇ ಇದ್ದು ಅರ್ಥ ಬದಲಾದಾಗಲೇ ಕಷ್ಟ. ‘ದಾವಣಗೆರೆ ಜಿಲ್ಲೆ’ಯನ್ನೇ ನೋಡಿ: 2011ರಲ್ಲಿ ಅದರೊಳಗೆ ಹರಪನಹಳ್ಳಿ ಇತ್ತು, ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ.

ಖಾಲಿ ಮನೆಯನ್ನು ಲೆಕ್ಕಾಚಾರದಿಂದ ಅಂದಾಜಿಸುವ ಒಳ್ಳೆಯ ವಿಧಾನಗಳಿವೆಯಲ್ಲ ಎಂದು ಕೇಳಬಹುದು. ಇವೆ. ಮಾಹಿತಿ ಏಕೆ ಬಿಟ್ಟುಹೋಯಿತು ಎಂಬುದೇ ಮೊದಲ ಪ್ರಶ್ನೆಯಾಗಬೇಕೆಂದು ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲೇ ತೋರಿಸಿದರು. ಬರಪೀಡಿತ ಜಗಳೂರಿನಲ್ಲಿ ಮಳೆಮಾಪಕ ಕೆಟ್ಟು ಕೆಲವು ದಿನದ ಅಂಕಿ ಸಿಗದಿದ್ದರೆ ಅಂದಾಜು ಮಾಡಲೇಬೇಕು. ಆದರೆ ಅಡಿಕೆ ತೋಟಗಳ ಚನ್ನಗಿರಿಯನ್ನೂ ಸೇರಿಸಿದ ಜಿಲ್ಲಾ ಸರಾಸರಿ ಹಾಕಿದರೆ ಜಗಳೂರಿಗೆ ಬಾರದ ಮಳೆ ಕಾಗದದ ಮೇಲೆ ಸುರಿಯುತ್ತದೆ. ತಾಲ್ಲೂಕಿನ ಗುರುತನ್ನೂ ತಿಂಗಳನ್ನೂ ಅಂದಾಜಿನೊಳಗೆ ತರಬೇಕು. ನ್ಯಾಮತಿಯ ಕತೆಯೇ ಬೇರೆ. ಅಲ್ಲಿ ಅಂಕಿ ಕಳೆದುಹೋಗಿಲ್ಲ, 2011ರ ಗಣತಿಯ ಗ್ರಾಮವಾರು ಪಟ್ಟಿಯಲ್ಲಿದೆ. ಇಂದಿನ ನ್ಯಾಮತಿಯ ಹಳ್ಳಿಗಳನ್ನು ಗುರುತಿಸಿ ಕೂಡಿಸಬೇಕು, ಅಷ್ಟನ್ನೇ ಹೊನ್ನಾಳಿಯಿಂದ ಕಳೆಯಬೇಕು. ಇಷ್ಟು ತಾಳ್ಮೆ ಯಾರಿಗಿದೆ ಎನ್ನುವವರು ಹೊಸ ಅಂಕಿಗಳಲ್ಲಿ ಎರಡೂ ತಾಲ್ಲೂಕುಗಳನ್ನು ಒಟ್ಟಿಗೆ ಸೇರಿಸಿ ಹಳೆಯ ಹೊನ್ನಾಳಿಯೊಂದಿಗೆ ಹೋಲಿಸಲಿ. ನ್ಯಾಮತಿಯ ಬಗ್ಗೆ ಪ್ರತ್ಯೇಕವಾಗಿ ಏನೂ ಹೇಳಲಾಗದು, ಆದರೆ ಹೇಳಿದ್ದು ಸುಳ್ಳಾಗದು. ಯಾವ ದಾರಿ ಹಿಡಿದರೂ ಕೋಷ್ಟಕದಲ್ಲಿ ಬರಿದೇ ‘ಹೊನ್ನಾಳಿ’ ಎಂದು ಬರೆಯದೆ, ಯಾವ ವರ್ಷದ ಗಡಿಯ ಹೊನ್ನಾಳಿ ಎಂಬುದಕ್ಕೆ ಇನ್ನೊಂದು ಕಾಲಂ ಇಡಬೇಕು.