ಫ್ಯಾಂಟಮ್‌ನ ಬಲ ಎಲ್ಲಿಂದ ಬಂತು?

ನಮ್ಮ ಓದುಗರಲ್ಲಿ ಹಿರಿಯರಾದವರಿಗೆ ಇಂದ್ರಜಾಲ ಕಾಮಿಕ್ಸ್ ಎಂದೊಡನೆ ಮುಖವಾಡ ಧರಿಸಿ ಬಿಳಿಯ ಕುದುರೆಯನ್ನೇರಿ ಬರುವ ಫ್ಯಾಂಟಮ್ ನೆನಪಾಗದಿರನು. ಟೈಮ್ಸ್ ಆಫ್ ಇಂಡಿಯಾ ಬಳಗವು 1964ರಲ್ಲಿ ಆರಂಭಿಸಿದ ಈ ಮಾಲೆ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪ್ರಕಟವಾಗಿ 1990ರಲ್ಲಿ ನಿಂತಿತು.

ಅಮೆರಿಕದ ಲೀ ಫಾಕ್ ಈ ವೀರನನ್ನು ಸೃಷ್ಟಿಸಿದ್ದು 1936ರಲ್ಲಿ. ಸೂಪರ್‌ಮ್ಯಾನ್ ಕಾಣಿಸಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು. ಕಥೆಯಂತೆ, 1536ರಲ್ಲಿ ಕಡಲ್ಗಳ್ಳರು ಹಡಗೊಂದರ ಮೇಲೆ ಎರಗಿ ಎಲ್ಲರನ್ನೂ ಕೊಂದರು. ಬದುಕುಳಿದ ಒಬ್ಬನೇ ಯುವಕನನ್ನು ಬಂಡಾರ್ ಎಂಬ ಕಾಡಿನ ಜನ ಕಡಲ ದಂಡೆಯಿಂದ ಎತ್ತಿ ತಂದು ಉಪಚರಿಸಿದರು. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಆತ, ತಾನೂ ತನ್ನ ಸಂತತಿಯೂ ಅನ್ಯಾಯ, ಕ್ರೌರ್ಯಗಳ ವಿರುದ್ಧ ಹೋರಾಡುವೆವೆಂದು ಪ್ರತಿಜ್ಞೆ ಮಾಡಿದನು.

ಫ್ಯಾಂಟಮ್‌ಗೆ ಹಾರುವ ಶಕ್ತಿಯಿಲ್ಲ, ಗುಂಡು ತಗುಲಿದರೆ ರಕ್ತ ಸುರಿಯುತ್ತದೆ. ಆತನಿಗೆ ಸಾವೇ ಇಲ್ಲವೆಂದು ಜನ ನಂಬಿರುವುದು, ತಂದೆ ತೀರಿಕೊಂಡೊಡನೆ ಮಗನು ಅದೇ ಉಡುಪು ತೊಟ್ಟು ನಿಲ್ಲುವುದರಿಂದ. ನಾವು ಓದಿದವನು 21ನೆಯವನು. ಪ್ರತಿಯೊಬ್ಬನೂ ತನ್ನ ಕಾಲದ ಸಂಗತಿಗಳನ್ನು ತಲೆಬುರುಡೆ ಗುಹೆಯ ದಫ್ತರಗಳಲ್ಲಿ ಬರೆದಿಡುತ್ತಾನೆ. ಹೀಗೆ ಅಭ್ಯಾಸ, ಪ್ರತಿಜ್ಞೆ, ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದ ಅರಿವು, ಇವೇ ಅವನ ಬಲ.

ಆದರೆ ಈ ಕಥೆಗಳಲ್ಲಿ ಒಂದು ಕುಂದುಂಟು. ಕಾಡು ಬಂಡಾರ್ ಜನರದು. ನಾಯಕನು ಮಾತ್ರ ಹೊರಗಿನಿಂದ ಬಂದ ಬಿಳಿಯ. ವೀರನನ್ನು ಬದುಕಿಸಿದವರು ಕಥೆಯಲ್ಲಿ ಅವನ ಸಹಾಯಕರಾಗಿಯೇ ಉಳಿಯುತ್ತಾರೆ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ಅಂಚಿನಲ್ಲಿಯೂ ಕಾಡುಂಟು, ಕಾಡನ್ನು ಬಲ್ಲ ಜನರುಂಟು. ಜೇನು ಕುರುಬರು ಹೆಜ್ಜೇನಿನ ಜಾಡನ್ನೂ ಗೆಡ್ಡೆಗೆಣಸಿನ ಗುರುತನ್ನೂ ಆನೆಯ ಮನಸ್ಸನ್ನೂ ಹಿರಿಯರಿಂದ ಕಲಿತವರು. ವೀರನಹೊಸಹಳ್ಳಿಯಿಂದ ಮೈಸೂರು ದಸರೆಗೆ ಹೊರಡುವ ಆನೆಗಳ ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಅವರಿದ್ದಾರೆ. ನಾಗರಹೊಳೆಯ ಕಾಡಿನಿಂದ ನಾಗಾಪುರದಂತಹ ಪುನರ್ವಸತಿ ನೆಲೆಗಳಿಗೆ ಬಂದ ಕುಟುಂಬಗಳಲ್ಲಿ ಈ ಕಲಿಕೆ ಮುಂದಿನ ತಲೆಮಾರಿಗೆ ದಾಟುವುದು ಹೇಗೆ? ಕಾಡಿಲ್ಲದೆ ಕಾಡಿನ ಪಾಠ ಹೇಳಲಾದೀತೆ? ಅವರಿಗಾಗಿ ದಫ್ತರ ಬರೆದಿಟ್ಟ ಗುಹೆಯಿಲ್ಲ.

ಕೆ.ಆರ್. ನಗರದ ಗದ್ದೆ ಬಯಲಿನ ಮಕ್ಕಳಿಗೂ ಈ ಕಾಡು ದೂರದ್ದಲ್ಲ. ಹಳೆಯ ಪೆಟ್ಟಿಗೆಯಲ್ಲಿ ಇಂದ್ರಜಾಲದ ಪ್ರತಿಯೊಂದು ಉಳಿದಿದ್ದರೆ ಮನೆಯ ಮಕ್ಕಳಿಗೆ ಓದಿ ಹೇಳೋಣ. ಫ್ಯಾಂಟಮ್‌ನ ಶೌರ್ಯವನ್ನು ಮೆಚ್ಚಿದ ಬಳಿಕ, ಅವನನ್ನು ದಂಡೆಯಿಂದ ಎತ್ತಿ ತಂದವರು ಯಾರೆಂದೂ ಕೇಳೋಣ.